ಕೆಳಗೆ ಪ್ರೆಸ್, ಮೇಲೆ ಮಾಲ್ಡೀವ್ಸ್

ನಮ್ಮ ಮನೆ ಪೀಣ್ಯದಲ್ಲಿ, ಒಂದು ಪ್ರೆಸ್ ಶಾಪಿನ ಮೇಲಿದೆ. ಕೆಳಗೆ ಬೆಳಗಿನಿಂದ ಸಂಜೆಯವರೆಗೆ ಮೆಷಿನ್ನಿನಲ್ಲಿ ಕಬ್ಬಿಣದ ತಗಡು ಹೊಡೆದು, ನಟ್ಟು ಬೋಲ್ಟಿನ ಮಧ್ಯೆ ಹಾಕುವ ತೂತಿನ ಬಿಲ್ಲೆ, ಅಂದರೆ ವಾಷರ್, ಕತ್ತರಿಸುತ್ತಾರೆ. ಆ ಏಟಿಗೆ ನಮ್ಮ ಮನೆಯ ದೋಸೆ ಹಿಟ್ಟು ರುಬ್ಬದೆಯೇ ನುಣ್ಣಗಾಗುತ್ತದೆ, ಗೋಡೆಯ ಮೇಲಿನ ದೇವರುಗಳು ವಾರಕ್ಕೊಮ್ಮೆ ಜಾಗ ಬದಲಾಯಿಸುತ್ತಾರೆ. ಇದರಲ್ಲಿ ಅರ್ಧವನ್ನಾದರೂ ನೀವು ನಂಬಲೇಬೇಕು.

ಈ ಮನೆಯಿಂದ ನಮ್ಮಕ್ಕ ಗಣಿತದ ಟೀಚರಾಗಿ ಮಾಲ್ಡೀವ್ಸ್‌ಗೆ ಹೊರಟಳು.

"ಪಕ್ಕದ ದೇಶ ಅಂತೀಯ, ಬಸ್ ಹೋಗುತ್ತಾ?" ಎಂದು ಅಮ್ಮ ನನ್ನನ್ನು ಕೇಳಿದರು.

"ಹೋಗುತ್ತೆ ಕಣಮ್ಮ, ಮಧ್ಯ ಸ್ವಲ್ಪ ನೀರು ಅಡ್ಡ ಬರುತ್ತೆ ಅಷ್ಟೇ" ಎಂದೆ.

ಮೊದಲು ಒಬ್ಬ ಏಜೆಂಟ್ ಸಿಕ್ಕಿದ್ದ. "ಟೂರಿಸ್ಟ್ ಆಗಿ ಹೋಗ್ಬಿಡಿ ಮೇಡಂ, ಕೆಲಸ ಅಲ್ಲೇ ನೋಡ್ಕೊಳೋಣ" ಎಂದ.

"ಅಷ್ಟರಲ್ಲಿ ಪೊಲೀಸ್ನೋರು ನನ್ನ ನೋಡ್ಕೊಂಡ್ರೆ?" ಎಂದು ಕೇಳಿ ಅಕ್ಕ ಎದ್ದು ಬಂದಳು.

ಸರಿಯಾದ ದಾರಿಯನ್ನು ಅವಳೇ ಹುಡುಕಿದಳು. ಮೊದಲು ಅಲ್ಲಿನ ಶಾಲೆ ಕೆಲಸ ಕೊಡಬೇಕು, ಆಮೇಲೆ ಶಾಲೆಯೇ ಕೆಲಸದ ಪರ್ಮಿಟ್ ಮಾಡಿಸಬೇಕು, ಅದರ ಮೇಲೆ ಅಲ್ಲಿ ಇರಲು ವೀಸಾ. ಕಂಡ ಕಂಡ ದ್ವೀಪಗಳಿಗೆಲ್ಲ ಅರ್ಜಿ ಹಾಕಿದಳು. ಒಂದೇ ಒಂದು ಶಾಲೆ ವಿಡಿಯೋ ಇಂಟರ್ವ್ಯೂಗೆ ಕರೆಯಿತು. ಇವಳೋ ಆ ಧೈರ್ಯದಲ್ಲೇ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಟ್ಟುಬಿಟ್ಟಿದ್ದಳು. ಇದು ತಪ್ಪಿದರೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಅಂಥ ಹೊತ್ತಿನಲ್ಲಿ ದೇಶಕ್ಕೆ ನನ್ನ ಅಗತ್ಯ ಬಿತ್ತು. ಇಂಟರ್ವ್ಯೂ ದಿನ ಕೆಳಗಿಳಿದು ಶಾಪಿನ ಓನರ್ ಅಂಕಲ್ ಮುಂದೆ ನಿಂತೆ.

"ಅಂಕಲ್, ಅರ್ಧ ಗಂಟೆ ಪ್ರೆಸ್ ನಿಲ್ಲಿಸ್ಬೇಕು. ಫಾರಿನ್ ಸರ್ಕಾರ ಲೈನಲ್ಲಿ ಬರ್ತಿದೆ."

"ನನ್ನ ಕರೆಂಟ್ ಬಿಲ್ ಅದು ಕಟ್ಟುತ್ತಂತಾ?"

"ಅಕ್ಕನ ಇಂಟರ್ವ್ಯೂ ಅಂಕಲ್."

"ಹಂಗೆ ನೆಟ್ಟಗೆ ಹೇಳೋಕೇನು ರೋಗ? ಹೋಗ್ರೋ, ಟೀ ಕುಡ್ಕೊಂಡು ಬನ್ರೋ" ಎಂದು ತಮ್ಮ ಹುಡುಗರನ್ನು ಕಳಿಸಿದರು.

ಪ್ರೆಸ್ ನಿಂತಿತು. ಅಮ್ಮ ಅಡುಗೆಮನೆಯಿಂದ ಬಂದು ತಮ್ಮ ಕಿವಿ ಮುಟ್ಟಿ ನೋಡಿಕೊಂಡರು. ಸ್ಕ್ರೀನಿನಲ್ಲಿ ಪ್ರಿನ್ಸಿಪಾಲ್ ಮೇಡಂ ಕಾಣಿಸಿಕೊಂಡರು. ಅಕ್ಕ ಬಾಯಿ ತೆರೆದು ಗುಡ್ ಮಾರ್ನಿಂಗ್ ಹೇಳಿದಳು.

ಆ ದನಿಗೆ ನಮ್ಮ ಟೆರೇಸಿನಿಂದ ಎದ್ದ ಪಾರಿವಾಳಗಳು ಊರಾಚೆಯ ಮಾಕಳಿ ದಾಟುವವರೆಗೂ ತಿರುಗಿ ನೋಡಲಿಲ್ಲ. ಪ್ರಿನ್ಸಿಪಾಲ್ ಹೆಡ್‌ಫೋನ್ ಕಿತ್ತಿಟ್ಟು, ನಿಮ್ಮಲ್ಲಿ ತುಂಬಾ ಗಲಾಟೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇಲ್ಲ, ಬಹಳ ಶಾಂತವಾಗಿದೆ ಎಂದು ಅಕ್ಕ ಅದೇ ದನಿಯಲ್ಲಿ ಕೂಗಿದಳು. ಪ್ರೆಸ್ ಮೇಲೆ ಹುಟ್ಟಿ ಬೆಳೆದವರಿಗೆ ದನಿ ಇರುವುದೇ ಒಂದು.

ಆಗ ಅವಳಿಗೆ ಅರ್ಥವಾಯಿತು. ದನಿ ತಗ್ಗಿಸಿದಳು. ತಗ್ಗಿಸಿದ್ದೇ ಮಾತು ತೊದಲತೊಡಗಿತು. ಎಂಟನೇ ಕ್ಲಾಸಿನ ಒಂದು ಪಾಠ ಮಾಡಿ ತೋರಿಸಿ ಎಂದಾಗ ಮಾರ್ಕರ್ ಹಿಡಿದು ಬೋರ್ಡಿನಲ್ಲಿ ಒಂದು ವೃತ್ತ ಬರೆದಳು, ಅಳಿಸಿದಳು, ಮತ್ತೆ ಅದನ್ನೇ ಬರೆದಳು.

ಕೆಳಗೆ ಓಡಿದೆ. "ಅಂಕಲ್, ಪ್ರೆಸ್ ಹಾಕಿ."

"ಈಗ್ತಾನೆ ನಿಲ್ಲಿಸು ಅಂದ್ಯಲ್ಲೋ."

"ನಿಶ್ಶಬ್ದ ಅಕ್ಕನಿಗೆ ಒಗ್ತಿಲ್ಲ ಅಂಕಲ್."

ಅವರು ನನ್ನನ್ನು ದಿಟ್ಟಿಸಿ ನೋಡಿ ತಾವೇ ಸ್ವಿಚ್ ಒತ್ತಿದರು. ಹೊರಡುವಾಗ ಒಂದು ದೊಡ್ಡ ವಾಷರ್ ಜೇಬಿಗೆ ಹಾಕಿಕೊಂಡೆ, ಮೇಲೆ ಬಂದು ಅಕ್ಕನ ಕೈಗೆ ತುರುಕಿದೆ. ನೆಲ ಎಂದಿನಂತೆ ಅದುರುತ್ತಿತ್ತು. ಅಕ್ಕನ ಭುಜ ಸಡಿಲವಾಯಿತು. ವಾಷರ್ ಎತ್ತಿ ಹಿಡಿದು, ಹೊರಗಿನ ವೃತ್ತದಲ್ಲಿ ಒಳಗಿನ ವೃತ್ತ ಕಳೆದರೆ ಉಳಿಯುವುದೆಷ್ಟು ಎಂದು ಪ್ರೆಸ್ಸಿನ ತಲೆಯ ಮೇಲೆ ಪಾಠ ಶುರುಮಾಡಿದಳು. ಅವಳ ಒಂದು ಮಾತನ್ನೂ ಪ್ರೆಸ್ ನುಂಗಲಿಲ್ಲ.

ಪ್ರಿನ್ಸಿಪಾಲ್ ನಗತೊಡಗಿದರು. ಲ್ಯಾಪ್‌ಟಾಪ್ ಎತ್ತಿ ಕಿಟಕಿಯತ್ತ ತಿರುಗಿಸಿದರು. ಅವರ ಶಾಲೆಯ ಗೋಡೆಗೆ ಅಂಟಿಕೊಂಡಂತೆ ಇಡೀ ದ್ವೀಪಕ್ಕೆ ಕರೆಂಟ್ ಕೊಡುವ ಜನರೇಟರ್ ಶೆಡ್ ಇತ್ತು. ಆ ಸದ್ದಿನಲ್ಲಿ ಕೊನೆಯ ಬೆಂಚಿಗೆ ಕೇಳುವಂತೆ ಪಾಠ ಮಾಡುವ ಟೀಚರ್ ಇದುವರೆಗೆ ಸಿಕ್ಕಿರಲಿಲ್ಲವಂತೆ. ಯಾವಾಗ ಬರುತ್ತೀರಿ ಎಂದರು.

ಪರ್ಮಿಟ್ ಬಂತು, ಅಕ್ಕ ಹೋದಳು. ಮೊದಲ ಸಲ ಅಲ್ಲಿಂದ ಫೋನ್ ಮಾಡಿದಾಗ ಅಮ್ಮ ಅದನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದರು. ಅತ್ತ ಜನರೇಟರ್, ಇತ್ತ ಪ್ರೆಸ್, ಮಧ್ಯೆ ಅಕ್ಕನ ದನಿ ಸ್ಪಷ್ಟವಾಗಿತ್ತು.

"ನೀನಂದಿದ್ದು ನಿಜ ಕಣೋ" ಎಂದರು ಅಮ್ಮ, "ಪಕ್ಕದಲ್ಲೇ ಇದೆ."