ಮೂರು ಊರಿಗೆ ಒಂದೇ ಫೈಲು

ಅಶಪಾಕನಿಗೆ ಬಸ್ಸಿನಲ್ಲಿ ಕೂತು ಗೊತ್ತಿರಲಿಲ್ಲ. ಸೀಟು ಖಾಲಿಯಿದ್ದರೂ ಬಾಗಿಲ ಹತ್ತಿರ ನಿಂತು, ಜೇಬಿನ ಫ್ಲಾಪಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಮುಚ್ಚಂಡಿಯ ಗಾದಿ ಹೊಲಿಯುವವರ ಮಗ. ಬಿಜಾಪುರದಲ್ಲಿ ಕಂಪ್ಯೂಟರ್ ಕಲಿತು ೧೯೯೯ರಲ್ಲಿ ನಮ್ಮ ತಾಲೂಕು ಊರು ಜತ್ತಿನಲ್ಲಿ ಕ್ಲಾಸು ತೆರೆದ. ಆಮೇಲೆ ಮುಚ್ಚಂಡಿ, ವಳಸಂಗ, ಕರಜಗಿಯ ಒಂದೊಂದು ಶಾಲೆಗೆ ರಿಜಲ್ಟ್ ತೆಗೆಯುವ ಪ್ರೋಗ್ರಾಮು ಬರೆದುಕೊಟ್ಟ. ನಾನಾಗ ಕರಜಗಿಯಲ್ಲಿ ಮಾಸ್ತರ.

ಪ್ರೋಗ್ರಾಮುಗಳು ಬೇರೆ ಬೇರೆ, ಆದರೆ ಹೆಸರುಗಳನ್ನು ಸಾಲಾಗಿ ಜೋಡಿಸುವ ಫೈಲು ಮೂರಕ್ಕೂ ಒಂದೇ. ಅದನ್ನು ತಿದ್ದಿದಾಗಲೆಲ್ಲ ಮೂರೂ ಊರಿಗೆ ಓಡಿ, ಹಳೆಯದನ್ನು ಅಳಿಸಿ ಹೊಸದನ್ನು ಹಾಕಿ ಬರುತ್ತಿದ್ದ. "ಹಳೇದು ಇಟ್ಕೊಂಡು ಏನ್ ಮಾಡೂದರಿ ಮಾಸ್ತರ, ಉಪ್ಪಿನಕಾಯಿ ಏನದು" ಎನ್ನುತ್ತಿದ್ದ.

೨೦೦೩ರ ಏಪ್ರಿಲ್‌ನಲ್ಲಿ ವಳಸಂಗದ ಹೆಡ್‌ಮಾಸ್ತರರು ಪಟ್ಟಿಯಲ್ಲಿ ಹುಡುಗಿಯರ ಹೆಸರು ಮೊದಲು ಬರಲಿ ಎಂದರು. ಅಶಪಾಕ ಫೈಲು ತಿದ್ದಿದ. ಅಲ್ಲಿ ಸರಿಯಾಗಿಯೇ ನಡೆಯಿತು. ಅದೇ ಹುರುಪಿನಲ್ಲಿ ಮುಚ್ಚಂಡಿಯಲ್ಲಿ ಹಾಕಿ, ಮುಂದಿನ ಬಸ್ಸಿಗೆ ಬಂದು ನಮ್ಮಲ್ಲೂ ಹಾಕಿದ. ಆ ಎರಡು ಊರಿನ ಪ್ರೋಗ್ರಾಮು ಹೊಸದು, ಹೆಸರು ನೋಡಿ ಅಂಕ ಜೋಡಿಸುತ್ತಿತ್ತು. ನಮ್ಮದು ಹಳೆಯದು, ಸಾಲಿನ ನಂಬರು ನೋಡಿ ಜೋಡಿಸುತ್ತಿತ್ತು. ಹೆಸರುಗಳು ಮೇಲೆ ಕೆಳಗಾದವು, ಅಂಕಗಳು ಇದ್ದಲ್ಲೇ ಉಳಿದವು. ಆ ಹಾಳೆಯನ್ನು ಕಣ್ಣು ಮುಚ್ಚಿಕೊಂಡು ಗೋಡೆಗೆ ಅಂಟಿಸಿದವನು ನಾನೇ. ಆ ನಾಚಿಕೆ ಇನ್ನೂ ಹೋಗಿಲ್ಲ.

ಕಿರಾಣಿ ಅಂಗಡಿಯ ಸೋಮನಿಂಗಪ್ಪನ ಮಗಳು ದೀಪಾಲಿ ಏಳನೆಯ ತರಗತಿಯಲ್ಲಿ ನಾಪಾಸು ಎಂದಿತ್ತು ಹಾಳೆ. "ಸಾಲಿ ಸಾಕು, ಇನ್ನ ಅಂಗಡ್ಯಾಗ ಕುಂದ್ರು" ಎಂದ ಅಪ್ಪ, ಅವತ್ತೇ ಅವಳ ಪುಸ್ತಕ ಹರಿದು ಬೆಲ್ಲ ಕಟ್ಟಿಕೊಡತೊಡಗಿದ.

ಮೂರನೆಯ ದಿನ ನಾನು ಕೈಬರಹದ ಅಂಕಗಳ ವಹಿಯ ಜೊತೆ ತಾಳೆ ನೋಡಿದಾಗ ತಪ್ಪು ಹೊರಬಿತ್ತು. ಹೇಳಿಕಳಿಸಿದೊಡನೆ ಅಶಪಾಕ ಬಂದ. ಹಳೆಯ ಫೈಲು ಎಲ್ಲಿಯೂ ಉಳಿದಿರಲಿಲ್ಲ. ನೆನಪಿನಿಂದ ಮತ್ತೆ ಬರೆದು, ಉಳಿದೆರಡು ಊರಿನದರೊಡನೆ ಬೆರೆಯದಿರಲಿ ಎಂದು ಅದಕ್ಕೆ ಕರಜಗಿಯ ಹೆಸರನ್ನೇ ಇಟ್ಟ. ಹೊಸ ಹಾಳೆಯ ಮಸಿ ಆರುವ ಮೊದಲೇ ಅಂಗಡಿಗೆ ಓಡಿದ, ಹಿಂದೆ ವಹಿ ಹಿಡಿದು ನಾನು.

"ಮೊನ್ನಿ ಕಾಗದಾನೂ ನಿಂದಽ, ಇದೂ ನಿಂದಽ. ಯಾವದು ನಂಬಲಿ?" ಎಂದ ಸೋಮನಿಂಗಪ್ಪ.

ನಾನು ವಹಿ ತೆರೆದು ದೀಪಾಲಿಯ ಅಂಕ ತೋರಿಸಿದೆ. ಸೋಮನಿಂಗಪ್ಪ ಬೆರಳಿಟ್ಟು ಎರಡು ಸಲ ಓದಿ, "ಜೂನದಾಗ ಸಾಲಿಗಿ ಕಳಸ್ತೀನಿ" ಎಂದ.

"ಭಾಳ ತಪ್ಪಾತವಾ" ಎಂದು ಅಶಪಾಕ ದೀಪಾಲಿಯ ಕಡೆ ತಿರುಗಿದ.

ಅವಳು ತಕ್ಕಡಿಯಿಂದ ಕಣ್ಣೆತ್ತಲಿಲ್ಲ. "ನಾ ಪಾಸಾಗೀನಿ ಅಂತ ಅವತ್ತಽ ಮಾಸ್ತರಗ ಹೇಳಿದ್ನಿರಿ. ಕಂಪ್ಯೂಟರ್ ಸುಳ್ಳ ಹೇಳೂದಿಲ್ಲ ಅಂದ್ರು."

ಅಶಪಾಕ ನನ್ನ ಮುಖ ನೋಡಿದ. ಹೌದು, ಅಂದಿದ್ದೆ.