ಮೂರು ಸಾಲು ಕೂಡಿಸುವ ಮೆಹೆಕ

ನಮ್ಮ ಕೂಲಿಕಾರರ ಸಂಘ ಕುಡಚಿಯ ಮೆಹೆಕಳಿಗೆ ಒಂಬತ್ತು ದಿನದ ಪಗಾರ ಇನ್ನೂ ಕೊಟ್ಟಿಲ್ಲ. ಪಗಾರಕ್ಕಾಗಿ ರಸ್ತೆಗೆ ಅಡ್ಡ ಕೂತ ಸಂಘ ನಮ್ಮದು. ನಾಚಿಕೆಗೇಡು, ಆದರೆ ನಿಜ.

ಮೆಹೆಕಳಿಗೆ ಮೂವತ್ತೈದು ವರ್ಷ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ರಾಯಬಾಗಕ್ಕೆ ಬಂದು, ಝೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಂಘದ ಹಳೇ ಕಂಪ್ಯೂಟರಿನ ಮುಂದೆ ಕೂತು ಅರ್ಜಿ, ಪಟ್ಟಿ ಸಿದ್ಧ ಮಾಡುತ್ತಾಳೆ. ಹೊಸ ಪ್ರೋಗ್ರಾಂ ಯಾವುದನ್ನೂ ಅದು ತಾಳುವುದಿಲ್ಲ. ಹಾಗಾಗಿ ಹಳೇ ಯಂತ್ರಕ್ಕೂ ಒಗ್ಗುವ ಲಿನಕ್ಸ್ ಹಾಕಿಸಿ, ಕರಿ ಪರದೆಯ ಮೇಲೆ ಕಮಾಂಡ್ ಬರೆದೇ ಕೆಲಸ ಮಾಡಲು ಕಲಿತಳು. ಚಿಕ್ಕೋಡಿಯ ದೊಡ್ಡ ಅಂಗಡಿಯವರು ಕರೆದರು, ಹೋಗಲಿಲ್ಲ. "ಅಲ್ಲಿ ಬರೇ ಲಗ್ನಪತ್ರಿಕಿ ಮಾಡಬೇಕ್ರಿ. ಇಲ್ಲಿ ಸಾಲು ತಮ್ಮ ತಮ್ಮ ಜಾಗಾಕ್ಕ ಬಂದ ಕುಂತಾಗ ಜೀವಕ್ಕ ಹಗರ ಆಗತೈತಿ" ಎನ್ನುತ್ತಾಳೆ.

ಹೋದ ವರ್ಷ ನಿವೇಶನ ಕೇಳಿದ ಇನ್ನೂರ ಹನ್ನೆರಡು ಹೆಂಗಸರ ಪಟ್ಟಿಯನ್ನು ತಾಲ್ಲೂಕು ಕಚೇರಿಗೆ ಕೊಡಬೇಕಿತ್ತು. ಕೊನೆಯ ದಿನ, ಸಂಜೆ ನಾಲ್ಕರೊಳಗೆ. ಹೆಸರಿಗೂ ಆಧಾರ್ ಸಂಖ್ಯೆಗೂ ತಾಳೆಯಾಗದಿದ್ದರೆ ಅರ್ಜಿ ಕಸದ ಬುಟ್ಟಿಗೆ. ನಮ್ಮ ಕಾರ್ಯಕರ್ತರು ಹಳ್ಳಿಗಳಿಂದ ವಾಟ್ಸಾಪಿನಲ್ಲಿ ಒಬ್ಬೊಬ್ಬಳಿಗೆ ಮೂರು ಸಾಲು ಕಳಿಸಿದ್ದರು: ಹೆಸರು, ಗಂಡನ ಹೆಸರು, ಆಧಾರ್ ಸಂಖ್ಯೆ. ಕಚೇರಿಗೆ ಬೇಕಿದ್ದದ್ದು ಒಬ್ಬಳಿಗೆ ಒಂದೇ ಸಾಲು. ಮೆಹೆಕ ಎಲ್ಲವನ್ನೂ ಒಂದೇ ಫೈಲಿಗೆ ಸುರಿದು, ನಡುವಿನ ಖಾಲಿ ಸಾಲುಗಳನ್ನು ಅಳಿಸಿ, 'ಪೇಸ್ಟ್' ಎಂದು ಬರೆದು ಮುಂದೆ ಮೂರು ಅಡ್ಡಗೆರೆ ಹಾಕಿದಳು. ಮೂರು ಮೂರು ಸಾಲು ಕೂಡಿ ಒಂದೊಂದಾಗಿ ಇಳಿದವು.

ಸಂಘದ ಪರವಾಗಿ ಸಹಿ ಹಾಕಲು ನಾನು ಪೆನ್ನು ತೆಗೆದೆ.

"ಥಾಂಬಾ ಕಾಕಾ, ಸಹಿ ಆಮ್ಯಾಲ. ಮೊದಲ ಓದೂನು" ಎಂದು ಮೆಹೆಕ ತಡೆದಳು.

ಹೊರಗೆ ಕೂತಿದ್ದ ಅರ್ಜಿದಾರ ಹೆಂಗಸರಿಗೆ ಕೇಳುವಂತೆ, ಮೊದಲು ಬರೀ ಅವರ ಹೆಸರುಗಳನ್ನು ಓದತೊಡಗಿದಳು. ಎಪ್ಪತ್ತಮೂರರ ತನಕ ಸರಿಯಾಗಿ ಬಂತು. "ಎಪ್ಪತ್ನಾಲ್ಕು. ಅರ್ಜಿದಾರಳ ಹೆಸರು, ಮಲಿಕಸಾಬ."

ಅವರ ನಡುವಿನಿಂದ ಬೇಗಂಬಿ ಎಂಬವಳು ಎದ್ದು ನಿಂತಳು. "ಅಯ್ಯ ಬೇ! ನಮ್ಮ ಮನಿಯವರು ಯಾವಾಗ ಹೆಂಗಸಾದರು? ಕಬ್ಬ ಕಡ್ಯಾಕ ಬರ್ರಿ ಅಂದ್ರ ಬರಂಗಿಲ್ಲ, ಜಾಗಾ ಅಂದಕೂಡ್ಲೆ ನನಗಿಂತ ಮುಂದ ಬಂದಾರೇನ?"

ಎಲ್ಲರೂ ನಕ್ಕರು. ಮೆಹೆಕ ನಗಲಿಲ್ಲ. ಕಂಪ್ಯೂಟರಿನಿಂದ ಸಾಲು ಎಣಿಸಿದಳು. ಆರುನೂರ ಮೂವತ್ತಾರು ಇರಬೇಕಿತ್ತು, ಒಂದು ಕಡಿಮೆ. ಎಪ್ಪತ್ತಮೂರನೆಯ ಕೆಂಚವ್ವನ ಗಂಡನ ಹೆಸರಿನ ಜಾಗ ಖಾಲಿ ಬಂದಿತ್ತು. ಅಳಿಸಿದ ಖಾಲಿ ಸಾಲುಗಳ ಜೊತೆ ಅದೂ ಹೋಗಿತ್ತು. ಅಲ್ಲಿಂದ ಕೆಳಗೆ ಎಲ್ಲವೂ ಒಂದೊಂದು ಸಾಲು ಮೇಲಕ್ಕೆ ಸರಿದು, ನೂರಾ ನಲವತ್ತು ಹೆಂಗಸರ ಅರ್ಜಿ ಕೆಟ್ಟಿತ್ತು. ಗಂಟೆ ಎರಡೂಕಾಲು.

ಆ ಸಾಲು ಕಳಿಸಿದವನು ಅಲ್ಲೇ ಇದ್ದ ನಮ್ಮ ಕಾರ್ಯಕರ್ತ ಕುನಾಲ. "ಕೇಳೀನ್ರಿ. ಆಯಿ ಹೇಳಲಿಲ್ಲ. ಬಿಟ್ಟೆ."

"ಗಂಡನ ಹೆಸರ ಬಾಯಿಲೆ ಹೆಂಗ ತಗೀಲೆಪಾ?" ಎಂದಳು ಹೊರಗೆ ಕೂತಿದ್ದ ಮುದುಕಿ ಕೆಂಚವ್ವ.

"ಸತ್ತ ಹತ್ತ ವರ್ಷ ಆತು, ಇನ್ನ ಯಾರಿಗಿ ಅಂಜತೀ?" ಎಂದೆ ನಾನು.

"ನಿನಗೇನ ಗೊತ್ತು, ಸುಮ್ಮ ಕುಂದರ."

ಆ ಹೆಸರು ತಾನೇ ಹೇಳಲು ಬೇಗಂಬಿ ಬಾಯಿ ತೆರೆದಳು. ಮೆಹೆಕ ಕೈ ಎತ್ತಿ ತಡೆದಳು. "ಅವರ ಅರ್ಜಿ, ಅವರ ಬಾಯಿಲೇನ ಬರಲಿ. ಆಯಿ, ಲಗ್ನದಾಗ ಪದಾ ಕಟ್ಟಿ, ಒಡಪಾ ಹಾಕಿ ಗಂಡನ ಹೆಸರ ಹೇಳಿದ್ದಿಲ್ಲೇನ? ಹಂಗ ಹೇಳ್ರಿ."

ಕೆಂಚವ್ವ ಸೆರಗು ಸರಿಮಾಡಿಕೊಂಡಳು.

"ಕರಿ ಕಂಬಳಿ ಹಾಸೇನಿ, ಬಿಳಿ ಜ್ವಾಳಾ ತುಂಬೇನಿ,
ಬೀರದೇವರ ಹೆಸರ ಹೇಳಿ ನನ್ನ ಜಾಗಾ ಕೇಳೇನಿ!"

ಹೆಂಗಸರು ಚಪ್ಪಾಳೆ ತಟ್ಟಿದರು. ಮೆಹೆಕ ಕೆಂಚವ್ವನ ಹೆಸರಿನ ಕೆಳಗೆ ಗಂಡನ ಹೆಸರು 'ಬೀರದೇವ' ಎಂದು ಸಾಲು ಸೇರಿಸಿದಳು, ಎಣಿಸಿದಳು, ಮತ್ತೆ ಪೇಸ್ಟ್ ಹೊಡೆದಳು. ಈ ಸಲ ಇನ್ನೂರ ಹನ್ನೆರಡನ್ನೂ ಪೂರ್ತಿ ಓದಿದಳು. ಪ್ರತಿ ಹೆಸರಿಗೂ ಆ ಹೆಸರಿನವಳೋ ಅವಳ ಓಣಿಯವಳೋ "ಹೌದ್ರಿ" ಎಂದಳು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಪಟ್ಟಿ ಕಚೇರಿ ಮುಟ್ಟಿತು. ಒಂದೂ ಅರ್ಜಿ ತಿರುಗಿ ಬರಲಿಲ್ಲ.

ನಿಮ್ಮ ಪಂಚಾಯಿತಿಯಲ್ಲೂ ಇಂಥದೊಂದು ಪಟ್ಟಿ ಇದೆ. ನಾಳೆ ಹೋಗಿ. ಅದರಲ್ಲಿರುವ ಹೆಂಗಸರನ್ನು ಎದುರಿಗೆ ಕೂರಿಸಿ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿಸಿ. ಅವರು ಹೌದು ಅನ್ನುವ ತನಕ ಯಾರಿಗೂ ಸಹಿ ಹಾಕಲು ಬಿಡಬೇಡಿ.