ಎರಡನೇ ಸಾಲು ಎಲ್ಲಿ ಹೋಯಿತು

ದನಿ ಒರಟಾಯಿತು ಎಂದು ಒಬ್ಬ ಹೆಂಗಸಿನ ಹಾಡನ್ನು ಕತ್ತರಿಸಿ ಎಸೆದವರು, ಅದೇ ರೆಕಾರ್ಡಿಗೆ ಹಳೇ ಗ್ರಾಮಫೋನ್ ತಟ್ಟೆಯ ಚರಚರ ಸದ್ದನ್ನು ಕಂಪ್ಯೂಟರಿನಲ್ಲಿ ಹುಡುಕಿ ತಂದು ಸೇರಿಸಿದ್ದಾರೆ. ನನ್ನ ಸಿಟ್ಟು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಇಂಡಿ ಫೋಕ್ ಕಂಡರೆ ಇವಳಿಗಾಗದು ಎಂದು ಯಾರೂ ಮೊದಲೇ ತೀರ್ಪು ಕೊಡಬೇಡಿ. ಒಂದು ಗಿಟಾರು, ಪಿಸುಗುಡುವ ಒಂದು ಗಂಟಲು, ಹಾಡುವವನು ಕೂತ ಕುರ್ಚಿ ಕಿರ್ರೆಂದದ್ದನ್ನೂ ಅಳಿಸದೆ ಬಿಟ್ಟ ಧ್ವನಿಮುದ್ರಣ. ಇಂಥವನ್ನು ಕಿವಿಗೆ ಸಿಕ್ಕಿಸಿಕೊಂಡು ಶಿವಮೊಗ್ಗ, ಭದ್ರಾವತಿ ನಡುವಿನ ಬಸ್ಸಿನಲ್ಲಿ ಎಷ್ಟೋ ಸಂಜೆ ಕಳೆದಿದ್ದೇನೆ. ಅದೇ ಕಿವಿಗೆ ಬ್ಲ್ಯಾಕ್ ಮೆಟಲ್ಲೂ ಬೇಕು. ಕೇಳದವರಿಗೆ ಹೇಳುವುದಾದರೆ, ಜೇನುಹುಳ ಎದ್ದ ಹಾಗೆ ಗುಂಯ್ಗುಡುವ ಗಿಟಾರು, ಉಸಿರು ಬಿಡದ ಡ್ರಮ್ಮು, ಮೇಲೆ ಗಂಟಲು ಹರಿಯುವಂಥ ಕಿರುಚಾಟ, ಅಷ್ಟನ್ನೂ ಬೇಕೆಂದೇ ಕೆಟ್ಟದಾಗಿ ಮುದ್ರಿಸಿದ್ದು. ವಿದ್ಯಾನಗರದ ನಮ್ಮ ಮನೆಯಲ್ಲಿ ಅಮ್ಮ ಅದಕ್ಕೆ ಇಟ್ಟ ಹೆಸರು ಮಿಕ್ಸಿ. ಮಿಕ್ಸಿ ನಿಲ್ಲಿಸು ಅಂದರೆ ನಾನು ಹಾಡು ನಿಲ್ಲಿಸಬೇಕು.

ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದವಳು. ಎದುರಾಳಿಯ ಮಾತನ್ನು ಪೂರ್ತಿ ಕೇಳದೆ ಖಂಡಿಸಬಾರದು ಎಂದು ಅಲ್ಲಿ ಕಲಿಸಿದರು. ಹೊಸದೇನಲ್ಲ. ಬೀಗರ ಊಟಗಳಲ್ಲಿ ಅದನ್ನು ಮೊದಲೇ ಕಲಿತಿದ್ದೆ.

ನಮ್ಮವರಲ್ಲಿ ಬೀಗರ ಹಾಡು ಎಂಬುದೊಂದಿದೆ. ಊಟ ಮುಗಿದ ಮೇಲೆ ಗಂಡಿನ ಕಡೆಯ ಹೆಂಗಸರೂ ಹೆಣ್ಣಿನ ಕಡೆಯವರೂ ಎದುರುಬದುರು ಕೂತು ಹಾಡಿನಲ್ಲೇ ಬೈದಾಡುತ್ತಾರೆ. ಮೊದಲ ಸಾಲು ಹೊಗಳಿಕೆ, ಎರಡನೆಯದು ಏಟು. ಏಟು ತಿಂದವರು ಅದೇ ರಾಗದಲ್ಲಿ ಉತ್ತರ ಕೊಡಬೇಕು, ಮುಖ ಊದಿಸಿಕೊಳ್ಳುವ ಹಾಗಿಲ್ಲ. ಕೊನೆಗೆ ಒಬ್ಬರಿಗೊಬ್ಬರು ಕುಂಕುಮ ಹಚ್ಚಿ, ಎಲೆಅಡಿಕೆ ಕೊಟ್ಟು ಏಳುತ್ತಾರೆ.

ಭದ್ರಾವತಿಯ ನನ್ನ ದೊಡ್ಡಮ್ಮ ಇದರಲ್ಲಿ ಪಳಗಿದವರು. ಅವರ ಮಗನಿಗೆ ಶಿವಮೊಗ್ಗದ ದುರ್ಗಿಗುಡಿಯಿಂದ ಹೆಣ್ಣು ತಂದಾಗ, ಎದುರಿಗೆ ಬಂದು ಕೂತ ಹುಡುಗಿಯ ತಾಯಿ ಇನ್ನೂ ಪಳಗಿದವರು. ಅಣ್ಣನ ಅತ್ತೆ ಎಂದು ನಾನೂ ಅವರನ್ನು ಅತ್ತೆ ಎಂದೇ ಕರೆಯುತ್ತೇನೆ. ದೊಡ್ಡಮ್ಮನದು ಮೆತ್ತನೆಯ ದನಿ. ಅತ್ತೆಯದು ತಗಡಿನ ಮೇಲೆ ಮೊಳೆ ಎಳೆದ ಹಾಗೆ. ಅಂದು ದೊಡ್ಡಮ್ಮ ಶುರುಮಾಡಿದರು:

ಮಲ್ಲಿಗೆ ಮುಡಿದು ಬಂದಾಳೆ ನಮ್ಮ ಬೀಗಿತ್ತಿ
ಸೀರೆ ಪಕ್ಕದ ಮನೆಯದು, ಸರ ಎದುರು ಮನೆಯದು, ಬಾಯೊಂದೇ ಸ್ವಂತದ್ದು

ಚಪ್ಪರವೆಲ್ಲ ನಕ್ಕಿತು. ಅತ್ತೆ ಸೆರಗು ಸರಿಮಾಡಿಕೊಂಡು ಉತ್ತರ ಕೊಟ್ಟರು:

ಧಾರಾಳದ ಕೈಯೋಳು ಭದ್ರಾವತಿ ಬೀಗಿತ್ತಿ
ಸಾರಿಗೆ ಕೋಳಿಯ ತೋರಿಸಿ, ಮತ್ತೆ ಗೂಡಿಗೆ ಬಿಟ್ಟಾಳೆ

ಕೊನೇ ಪಂಕ್ತಿಗೆ ಬಡಿಸುತ್ತಿದ್ದ ಅಡಿಗೆಯವನೇ ನಗು ತಡೆಯಲಾರದೆ ಸೌಟು ಬಿಟ್ಟ. ದೊಡ್ಡಮ್ಮ ಸೋತರು, ಸೋತು ಗೆಳತಿಯನ್ನು ಗಳಿಸಿದರು. ಅಂದಿನಿಂದ ಭಾನುವಾರ ಬಂತೆಂದರೆ ಅತ್ತೆ ಭದ್ರಾವತಿ ಬಸ್ಸು ಹತ್ತುವುದು, ಇಬ್ಬರೂ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತ ಹೊಸ ಹೊಸ ಬೈಗುಳ ಕಟ್ಟುವುದು ನಡೆದೇ ಇತ್ತು.

ಅಲ್ಲಿಗೆ ಬೆಂಗಳೂರಿನ ತಂಡ ಬಂತು. ಅಣ್ಣನ ಪರಿಚಯದವರು, ಇಂಡಿ ಫೋಕ್‌ಗೆ ಜಾನಪದ ಹಾಡುಗಳನ್ನು ಸೇರಿಸಿ ರೆಕಾರ್ಡು ಮಾಡುವವರು. ಬಿರುಬೇಸಿಗೆ. ಹಿತ್ತಿಲಲ್ಲಿ ಮೈಕು ಇಟ್ಟರು. ನಾನೂ ಇದ್ದೆ, ನನ್ನ ಫೋನಿನಲ್ಲೂ ಹಿಡಿದುಕೊಂಡೆ. ಇಬ್ಬರೂ ಪೂರ್ತಿ ಹಾಡಿದರು. ತಂಡದ ಗಿಟಾರಿನವನು ಅತ್ತೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಆಂಟಿ, ಸ್ವಲ್ಪ ಸಾಫ್ಟಾಗಿ ಹಾಡ್ತೀರಾ? ಲಾಲಿ ಹಾಡೋ ಥರ?" ಎಂದ.

"ಬೀಗರನ್ನ ಲಾಲಿ ಹಾಡಿ ಮಲಗಿಸ್ತಾರೇನಪ್ಪ ನಿಮ್ಮೂರಲ್ಲಿ?"

ಎಲ್ಲರೂ ನಕ್ಕರು. ಅವನೂ ನಕ್ಕ. ನಕ್ಕನೆಂದರೆ ಅರ್ಥವಾಗಿರಬೇಕು ಅಂದುಕೊಂಡೆ.

ರೆಕಾರ್ಡು ಬಂತು. ದೊಡ್ಡಮ್ಮನ ಮೊದಲ ಸಾಲು ಮಾತ್ರ ಇತ್ತು. ಗಿಟಾರಿನ ಮೇಲೆ ಅದೊಂದೇ ಸಾಲು, ಮಲ್ಲಿಗೆ ಮುಡಿದು ಬಂದಾಳೆ, ಮಲ್ಲಿಗೆ ಮುಡಿದು ಬಂದಾಳೆ, ಮತ್ತೆ ಮತ್ತೆ. ಬೇಸಿಗೆಯಲ್ಲಿ ಹಾಡಿಸಿದ್ದಕ್ಕೆ ಮಳೆಯ ಸದ್ದು ಸುರಿಸಿದ್ದರು. ಚರಚರ ಸದ್ದು ಸೇರಿಸಿದ್ದರು. ಸೀರೆಯಿಲ್ಲ, ಸರವಿಲ್ಲ, ಕೋಳಿಯಿಲ್ಲ, ಅತ್ತೆ ಇಲ್ಲವೇ ಇಲ್ಲ. ಕೆಳಗೆ ಬರೆದಿದ್ದರು, ಮಲೆನಾಡಿನ ವಿರಹಗೀತೆ ಎಂದು. ಬೀಗಿತ್ತಿಗಾಗಿ ವಿರಹ ಪಟ್ಟವರನ್ನು ಲೋಕದಲ್ಲಿ ಯಾರಾದರೂ ಕಂಡಿದ್ದರೆ ತೋರಿಸಲಿ.

ಗಿಟಾರಿನವನಿಗೆ ಮೆಸೇಜು ಹಾಕಿದೆ. ಅವರ ವಾಯ್ಸು ಸ್ವಲ್ಪ ಹಾರ್ಶ್ ಇತ್ತು, ಆಲ್ಬಮ್ಮಿನ ಮೂಡಿಗೆ ಕೂರಲಿಲ್ಲ ಎಂದು ಉತ್ತರ ಬಂತು, ಜೊತೆಗೆ ಕೈಮುಗಿದ ಒಂದು ಚಿತ್ರ. ಅಂದರೆ ಇವರಿಗೆ ಒರಟುತನ ಬೇಕು, ಆದರೆ ಮನುಷ್ಯರ ಗಂಟಲಿನದಲ್ಲ. ಕುರ್ಚಿ ಕಿರ್ರೆಂದರೆ ಪ್ರಾಮಾಣಿಕತೆ, ಹೆಂಗಸು ಕಿರ್ರೆಂದರೆ ಮೂಡು ಕೆಡುತ್ತದೆ. ಇದಕ್ಕೆ ಯಾರಾದರೂ ಸಮರ್ಥನೆ ಕೊಡಲಿ, ಪೂರ್ತಿ ಕೇಳಿಯೇ ಖಂಡಿಸುತ್ತೇನೆ.

ನಿಜವಾದ ಪೆಟ್ಟು ಬಿದ್ದದ್ದು ಭಾನುವಾರಗಳಿಗೆ. ರೆಕಾರ್ಡಿನಲ್ಲಿ ಭದ್ರಾವತಿ ಬೀಗಿತ್ತಿಯ ದನಿ ಮಾತ್ರ ಇದೆ ಎಂದು ಮಗಳ ಬಾಯಿಂದ ಕೇಳಿದ ಅತ್ತೆ, ಅದನ್ನು ಹಾಕಿ ಕೇಳುವ ಗೋಜಿಗೂ ಹೋಗಲಿಲ್ಲ. ಸೋತ ಹಾಡು ಹೊರಗೆ ಬಾರದಂತೆ ದೊಡ್ಡಮ್ಮನೇ ಹೇಳಿ ತೆಗೆಸಿದ್ದಾರೆ ಎಂದು ತೀರ್ಮಾನಿಸಿದರು. ಬರುವುದು ನಿಂತಿತು. ಫೋನು ಮಾಡಿದರೆ ಮೊಣಕಾಲು ನೋವು.

"ನಾನೇ ಕತ್ತರಿಸ್ದೆ ಅಂದ್ಕೊಂಡಿದಾಳೆ ಕಣೆ," ಎಂದರು ದೊಡ್ಡಮ್ಮ. ಒಬ್ಬರೇ ಮೆಟ್ಟಿಲ ಮೇಲೆ ಕೂತು ಹರಿವೆ ಸೊಪ್ಪು ಬಿಡಿಸುತ್ತಿದ್ದರು. "ಸೋತಿದ್ದನ್ನ ಮುಚ್ಚಿಡೋಳಾ ನಾನು? ಆ ಕೋಳಿ ಹಾಡನ್ನ ಬೀದಿಗೆಲ್ಲ ಹೇಳಿದ್ದೇ ನಾನು."

ಇದನ್ನು ಸರಿಮಾಡಿಯೇ ತೀರುತ್ತೇನೆ ಎಂದು ಹೊರಟೆ. ಮಾಚೇನಹಳ್ಳಿಯ ವರ್ಕ್‌ಶಾಪೊಂದರಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಭದ್ರಾವತಿಯ ತನ್ನ ಕೋಣೆಯಲ್ಲಿ ಒಬ್ಬನೇ ಕೂತು ಬ್ಲ್ಯಾಕ್ ಮೆಟಲ್ ಮಾಡುತ್ತಾನೆ. ಸದ್ದು ಸೇರಬಾರದೆಂದು ಫ್ಯಾನು ಆರಿಸಿ, ಬೆವರು ಸುರಿಸುತ್ತ, ಹಿಮಪಾತದ ಬಗ್ಗೆ ಕಿರುಚುತ್ತಾನೆ. ಹಿಮ ಎಲ್ಲಿ ನೋಡಿದ್ದೀಯ ಎಂದು ಕೇಳಿದರೆ, "ಫ್ರಿಜ್ಜಲ್ಲಿ" ಅನ್ನುತ್ತಾನೆ. ಆ ಸಂಗೀತದಲ್ಲೂ ವೇಷ ಬೇಕಾದಷ್ಟಿದೆ, ನಾನು ಇಲ್ಲವೆನ್ನುವುದಿಲ್ಲ. ಆದರೆ ಗಂಟಲನ್ನು ನುಣ್ಣಗೆ ಮಾಡಿ ಮಾರುವುದಿಲ್ಲ ಎಂಬ ಒಂದು ಮಾತಿಗೆ ಅದನ್ನು ನಂಬಿದ್ದೆ.

ನನ್ನ ಫೋನಿನಲ್ಲಿದ್ದ ಅತ್ತೆಯ ಉತ್ತರವನ್ನು ಅವನಿಗೆ ಕೇಳಿಸಿದೆ. "ಮಾರಾಯ್ತಿ, ಈ ಗಂಟಲು ಬರ್ಲಿ ಅಂತ ನಾನು ಎಷ್ಟು ಕಿರುಚಿ, ಎಷ್ಟು ಬಿಸಿನೀರು ಕುಡಿದಿದೀನಿ ಗೊತ್ತಾ?" ಎಂದ. ಆ ವಾರವೇ ತನ್ನ ಗಿಟಾರಿನ ಮೇಲೆ ಅತ್ತೆಯ ದನಿ ಕೂರಿಸಿ ಕೊಟ್ಟ. ಭಯಂಕರವಾಗಿತ್ತು. ಗೆದ್ದೆ ಅಂದುಕೊಂಡು ದುರ್ಗಿಗುಡಿಗೆ ಹೋದೆ.

ಸಂಗೀತ ಎಂಥದೆಂದು ತಿಳಿಯಲಿ ಎಂದು ಮೊದಲು ಗೆಳೆಯನ ಹಳೆಯದೊಂದು ಹಾಡು ಹಾಕಿದೆ. ಅತ್ತೆ ಹುಬ್ಬು ಗಂಟಿಕ್ಕಿ ಕೇಳಿದರು.

"ಯಾರಿಗೆ ಬೈತಿದಾನೆ ಇವನು?"

"ಇಂಥೋರಿಗೆ ಅಂತಿಲ್ಲ ಅತ್ತೆ. ದೇವರಿಗೆ, ಲೋಕಕ್ಕೆ."

"ಲೋಕ ಏನಂತ ಉತ್ತರ ಕೊಡ್ತು?"

ಅವಸರದಲ್ಲಿ ಅವರ ದನಿಯಿದ್ದದ್ದನ್ನು ಹಾಕಿದೆ. ಕೋಳಿ ಗೂಡಿಗೆ ಹೋಗುವವರೆಗೂ ಕೇಳಿ, "ನಂದು ಮಾತ್ರ ಇದೆ. ಅವಳ್ದೆಲ್ಲಿ?" ಎಂದರು.

"ಅವರ ರೆಕಾರ್ಡಲ್ಲಿ ನಿಮ್ದಿರ್ಲಿಲ್ಲ, ಅದಕ್ಕೆ..."

"ಅವರು ನನ್ನ ಬಿಟ್ರು, ನೀನು ಅವಳನ್ನ ಬಿಟ್ಟೆ. ನೀವೆಲ್ಲ ಒಂದೇ ಕಾಲೇಜಲ್ಲಿ ಓದಿದ್ದಾ?"

ಮೈ ಉರಿಯಿತು. ಅವರ ಪರವಾಗಿ ಬಂದವಳಿಗೇ ಈ ಮಾತು. "ಹಾಗಾದ್ರೆ ಅವರದ್ದೇ ಕೇಳಿ," ಎಂದು ಬೆಂಗಳೂರಿನವರ ರೆಕಾರ್ಡು ಹಚ್ಚಿ ಫೋನನ್ನು ಅವರ ಮುಂದೆ ಕುಕ್ಕಿದೆ.

ಮಳೆ ಬಂತು. ದೊಡ್ಡಮ್ಮನ ದನಿ ಬಂತು. ಮಲ್ಲಿಗೆ ಮುಡಿದು ಬಂದಾಳೆ. ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತರು, ಏಟಿಗೆ ತಯಾರಾದವರಂತೆ. ಮಲ್ಲಿಗೆ ಮುಡಿದು ಬಂದಾಳೆ. ಮತ್ತೆ ಅದೇ.

"ಎರಡನೇ ಸಾಲೆಲ್ಲಿ?"

"ಇಲ್ಲ."

"ಇಲ್ಲ ಅಂದ್ರೆ?"

"ಕೊನೇವರೆಗೂ ಇಷ್ಟೇ ಅತ್ತೆ."

ಹಾಡು ಮುಗಿಯುವವರೆಗೂ ಫೋನನ್ನೇ ನೋಡುತ್ತಿದ್ದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ನನ್ನ ಬಿಟ್ಟಿದ್ರೆ ಬಿಡ್ಲಿ ಕಣೆ, ಅವಳ ಹಲ್ಲೇ ಕಿತ್ತು ಕೂರಿಸಿದಾರಲ್ಲೇ. ಜನ್ಮದಲ್ಲಿ ನನ್ನ ಒಂದು ಸಲ ನೆಟ್ಟಗೆ ಹೊಗಳ್ದೋಳಲ್ಲ, ಇಲ್ಲಿ ಊರಿಗೆಲ್ಲ ಕೇಳೋ ಹಂಗೆ ಹೊಗಳ್ತಾನೇ ಇದಾಳೆ. ತನ್ನ ಏಟನ್ನ ಅವಳೇ ತೆಗೆಸ್ತಾಳಾ? ಸತ್ರೂ ತೆಗೆಸಲ್ಲ." ಕಣ್ಣೊರೆಸಿಕೊಂಡು ಎದ್ದರು. "ಫೋನಲ್ಲಿ ಚಾರ್ಜಿದೆಯಾ? ನಡಿ, ಬಸ್ಸಿಗೆ."

ಬಸ್ಸು ಮಾಚೇನಹಳ್ಳಿ ದಾಟುವಾಗ ಗೆಳೆಯನಿಗೆ ಮೆಸೇಜು ಹಾಕಿದೆ, ಅದನ್ನು ಎಲ್ಲೂ ಬಿಡುಗಡೆ ಮಾಡಬೇಡ ಎಂದು. "ಯಾಕೆ, ಚೆನ್ನಾಗಿಲ್ವಾ?" ಎಂದ. ಚೆನ್ನಾಗಿದೆ, ಎದುರಾಳಿ ಇಲ್ಲ ಎಂದೆ. ಅವನಿಗೆ ಬೇಜಾರಾಯಿತು. ನನಗೂ ಆಯಿತು.

ಕೊನೆಗೆ ಆ ರೆಕಾರ್ಡೇ ಇಬ್ಬರನ್ನು ಸೇರಿಸಿತಲ್ಲ ಎಂದು ಯಾರಾದರೂ ಹೇಳುತ್ತಾರೆಂದು ಗೊತ್ತು. ಬಾಗಿಲು ಮುರಿದವನಿಗೆ, ಮನೆಯೊಳಗೆ ಗಾಳಿ ಬಂತೆಂದು ಥ್ಯಾಂಕ್ಸ್ ಹೇಳುವ ಅಭ್ಯಾಸ ನನಗಿಲ್ಲ. ಆ ರೆಕಾರ್ಡು ಅಂದೂ ಸುಳ್ಳು, ಇಂದೂ ಸುಳ್ಳು.

ಭದ್ರಾವತಿಯಲ್ಲಿ ಅತ್ತೆ ಚಪ್ಪಲಿ ಬಿಡಲಿಲ್ಲ. ಹೊಸ್ತಿಲಾಚೆ ನಿಂತು ನನ್ನ ಫೋನನ್ನು ಎತ್ತಿ ಹಿಡಿದರು. ಮಲ್ಲಿಗೆ ಮುಡಿದು ಬಂದಾಳೆ ಎಂದು ಫೋನು ಹಾಡಿತು. ಅಡಿಗೆಮನೆಯಿಂದ ದೊಡ್ಡಮ್ಮ ಹಿಟ್ಟಿನ ಕೈಯಲ್ಲೇ ಬಂದರು. ಅತ್ತೆಯನ್ನು ನೋಡಿದರು, ಫೋನನ್ನು ನೋಡಿದರು. ಫೋನು ಮತ್ತೆ ಅದೇ ಸಾಲು ಹಾಡಿತು. ಈ ಸಲ ಅದು ಮುಗಿಯುವುದನ್ನೇ ಕಾದು ದೊಡ್ಡಮ್ಮ ಎತ್ತಿಕೊಂಡರು:

ಮೊಣಕಾಲ ನೋವೆಂದು ಮಲಗಿದ್ದೋಳು, ಜಗಳ ಅಂದರೆ ಓಡಿ ಬಂದಾಳೆ

ಅತ್ತೆ ಫೋನನ್ನು ನನ್ನ ಕೈಗೆ ತುರುಕಿ ಚಪ್ಪಲಿ ಬಿಟ್ಟರು.

"ಇದನ್ನ ಆಫ್ ಮಾಡೇ. ಉತ್ತರ ಕಟ್ಟಕ್ಕೆ ಬಿಡ್ತಿಲ್ಲ."